ಭಿನ್ನರಾಶಿಗಳನ್ನು ಕೂಡುವಲ್ಲಿ ನಮಗಿರುವ ಸ್ವಾತಂತ್ರ್ಯ

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯೆಂದ ಮೇಲೆ ಅದರಲ್ಲಿ ಕವಿತೆಯಿರಬೇಕು, ಕತೆಯಿರಬೇಕು, ಪ್ರವಾಸ ಕಥನವೊಂದು ಇರಲೇಬೇಕು. ಇವುಗಳ ನಡುವೆ ಭಿನ್ನರಾಶಿಗಳ ಸಂಕಲನಕ್ಕೆ ಎಡೆಯೆಲ್ಲಿ ಎಂದು ಕೆಲವು ಮಿತ್ರರು ಹುಬ್ಬೇರಿಸಬಹುದು. ನಾನೂ ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವವನೇ. ಆದರೆ ಕಳೆದ ಎರಡು ವರ್ಷಗಳಿಂದ ವಿದ್ಯಾರ್ಥಿನಿಲಯದಲ್ಲಿ, ಬ್ಯಾಂಕಿನ ಕೆಲಸಕ್ಕೂ ಸರ್ಕಾರಿ ಹುದ್ದೆಗಳಿಗೂ ಪರೀಕ್ಷೆ ಕಟ್ಟುವ ಗೆಳೆಯರೊಡನೆ ಸಂಜೆಯ ಹೊತ್ತು ಲೆಕ್ಕ ಮಾಡುತ್ತ ಕುಳಿತಾಗ ಒಂದು ಸಂಗತಿ ನನಗೆ ಸ್ಪಷ್ಟವಾಯಿತು. ಗಣಿತವನ್ನು ತೊರೆದು ಕಲಾ ವಿಭಾಗಕ್ಕೆ ಬಂದ ನಮ್ಮಲ್ಲಿ ಅನೇಕರು ಅದನ್ನು ಮನಸ್ಸಿನಲ್ಲಿ ತೊರೆದದ್ದು ಹತ್ತನೆಯ ತರಗತಿಗೂ ಬಹಳ ಮುಂಚೆ, ಭಿನ್ನರಾಶಿಗಳ ಪಾಠದ ಹೊತ್ತಿಗೆ. ಬೇರೆ ಬೇರೆ ಛೇದಗಳ ನಾಲ್ಕು ಭಿನ್ನಗಳು ಒಂದು ಸಾಲಿನಲ್ಲಿ ನಿಂತದ್ದನ್ನು ಕಂಡೊಡನೆ ಅವರ ಕೈ ನಿಂತುಹೋಗುತ್ತದೆ. ನಿಮಿಷ ನಿಮಿಷಕ್ಕೂ ಬೆಲೆಯಿರುವ ಪರೀಕ್ಷೆಯಲ್ಲಿ ಹೀಗೆ ಕೈ ನಿಂತರೆ ಹೋಗುವುದು ಒಂದು ಅಂಕ ಮಾತ್ರವಲ್ಲ. ಕೆಲವರ ಪಾಲಿಗೆ ಒಂದು ಜೀವನೋಪಾಯವೇ ಹೋದೀತು. ಆದುದರಿಂದ ಈ ವಿಷಯವನ್ನೇ ಆರಿಸಿಕೊಂಡಿದ್ದೇನೆ.

ಮೊದಲು ಸಂತೆಗೆ ಹೋಗೋಣ. ಮುಕ್ಕಾಲು ಕಿಲೋ ಬದನೆ, ಅರ್ಧ ಕಿಲೋ ಹುರುಳಿಕಾಯಿ, ಕಾಲು ಕಿಲೋ ಮೆಣಸಿನಕಾಯಿ, ಮತ್ತೆ ಅರ್ಧ ಕಿಲೋ ಟೊಮೇಟೊ. ಚೀಲದಲ್ಲಿ ಒಟ್ಟು ಎಷ್ಟು ತೂಕ ಎಂದು ತರಕಾರಿ ಮಾರುವ ಹೆಂಗಸನ್ನು ಕೇಳಿ; ಕಣ್ಣು ಮಿಟುಕಿಸುವುದರೊಳಗೆ ಎರಡು ಕಿಲೋ ಎನ್ನುತ್ತಾಳೆ. ಆಕೆ ಮುಕ್ಕಾಲಿಗೆ ಅರ್ಧವನ್ನು ಕೂಡಿ, ಬಂದ ಒಂದೂಕಾಲಿಗೆ ಕಾಲನ್ನು ಕೂಡಿ, ಆಮೇಲೆ ಇನ್ನೊಂದು ಅರ್ಧವನ್ನು ಕೂಡಲಿಲ್ಲ. ಮುಕ್ಕಾಲಿನ ಜೊತೆಗೆ ಕಾಲನ್ನು ಸೇರಿಸಿದಳು, ಒಂದಾಯಿತು. ಅರ್ಧದ ಜೊತೆಗೆ ಅರ್ಧವನ್ನು ಸೇರಿಸಿದಳು, ಇನ್ನೊಂದಾಯಿತು. ನಡುವೆ ಇದ್ದ ಹುರುಳಿಕಾಯಿಯನ್ನು ಪಕ್ಕಕ್ಕೆ ಸರಿಸಿ ಬದನೆ, ಮೆಣಸಿನಕಾಯಿಗಳನ್ನು ಜೋಡಿ ಮಾಡುವ ಅಧಿಕಾರವನ್ನು ಆಕೆಗೆ ಯಾರು ಕೊಟ್ಟರು? ನಮ್ಮ ಪಠ್ಯಪುಸ್ತಕಗಳು ಪರಿವರ್ತನೀಯ ನಿಯಮ, ಸಹವರ್ತನೀಯ ನಿಯಮ ಎಂಬ ಎರಡು ದೊಡ್ಡ ಹೆಸರುಗಳಿಂದ ಕರೆಯುವುದು ಈ ಅಧಿಕಾರವನ್ನೇ.

ಪರಿವರ್ತನೀಯ ನಿಯಮವೆಂದರೆ, ಎರಡು ಸಂಖ್ಯೆಗಳನ್ನು ಕೂಡುವಾಗ ಯಾವುದು ಮೊದಲು, ಯಾವುದು ಆಮೇಲೆ ಎಂಬುದರಿಂದ ಮೊತ್ತ ಬದಲಾಗುವುದಿಲ್ಲ ಎಂಬುದು. ೩/೪ + ೧/೨ ಎಂದರೂ ೧/೨ + ೩/೪ ಎಂದರೂ ಒಂದೇ. ಸಹವರ್ತನೀಯ ನಿಯಮವೆಂದರೆ, ಮೂರು ಸಂಖ್ಯೆಗಳಿರುವಾಗ ಮೊದಲಿನೆರಡನ್ನು ಒಟ್ಟು ಮಾಡಿ ಮೂರನೆಯದನ್ನು ಸೇರಿಸಿದರೂ, ಕೊನೆಯೆರಡನ್ನು ಒಟ್ಟು ಮಾಡಿ ಅದನ್ನು ಮೊದಲನೆಯದಕ್ಕೆ ಸೇರಿಸಿದರೂ ಒಂದೇ ಉತ್ತರ ಬರುತ್ತದೆ ಎಂಬುದು. ಇಷ್ಟು ಸರಳವಾದ ಮಾತಿಗೆ ಎರಡು ನಿಯಮಗಳೇಕೆ, ಎರಡೂ ಒಂದೇ ಅಲ್ಲವೆ ಎಂದು ನನ್ನ ಗೆಳೆಯನೊಬ್ಬ ಕೇಳಿದ. ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ಕೊಡದೆ ಮುಂದೆ ಹೋಗುವುದರಿಂದಲೇ ಈ ಪಾಠ ಬಾಯಿಪಾಠವಾಗಿಬಿಡುತ್ತದೆಂದು ನನ್ನ ಅಭಿಪ್ರಾಯ.

ಎರಡೂ ಬೇರೆ ಬೇರೆ ಎಂಬುದನ್ನು ಅರಿಯಲು ಸರಾಸರಿಯ ಉದಾಹರಣೆ ಸಾಕು. ಎರಡು ಅಂಕಗಳ ಸರಾಸರಿಯನ್ನು ತೆಗೆಯುವಾಗ ಯಾವುದು ಮೊದಲೆಂಬುದು ಮುಖ್ಯವಲ್ಲ. ೪೦ ಮತ್ತು ೬೦ರ ಸರಾಸರಿ ಹೇಗೆ ನೋಡಿದರೂ ೫೦. ಅಂದರೆ ಪರಿವರ್ತನೀಯ ನಿಯಮ ಇಲ್ಲಿ ಸಲ್ಲುತ್ತದೆ. ಈಗ ಮೂರು ಪರೀಕ್ಷೆಗಳಲ್ಲಿ ೪೦, ೬೦, ೮೦ ಅಂಕಗಳನ್ನು ಪಡೆದ ವಿದ್ಯಾರ್ಥಿಯನ್ನು ಕಲ್ಪಿಸಿಕೊಳ್ಳಿ. ಮೊದಲಿನೆರಡರ ಸರಾಸರಿ ೫೦. ಅದನ್ನೂ ೮೦ನ್ನೂ ಸೇರಿಸಿ ಸರಾಸರಿ ತೆಗೆದರೆ ೬೫. ಕೊನೆಯೆರಡರ ಸರಾಸರಿ ೭೦. ಅದನ್ನೂ ೪೦ನ್ನೂ ಸೇರಿಸಿ ಸರಾಸರಿ ತೆಗೆದರೆ ೫೫. ನಿಜವಾದ ಸರಾಸರಿಯಾದರೋ ೬೦. ಅದೇ ಹುಡುಗ, ಅದೇ ಅಂಕಗಳು. ಜೋಡಿಸುವ ಕ್ರಮ ಮಾತ್ರ ಬೇರೆ, ಒಮ್ಮೆ ಪ್ರಥಮ ದರ್ಜೆ, ಇನ್ನೊಮ್ಮೆ ಅಲ್ಲ! ಪರಿವರ್ತನೀಯವಾದದ್ದೆಲ್ಲ ಸಹವರ್ತನೀಯವಲ್ಲ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿಲ್ಲ.

ಇದಕ್ಕೆ ತದ್ವಿರುದ್ಧವಾದ ಉದಾಹರಣೆ ಕನ್ನಡ ವಿಭಾಗದ ಮಿತ್ರರಿಗೆ ಹತ್ತಿರವಾದದ್ದು. ಅಕ್ಷರಗಳನ್ನು ಒಂದರ ಮುಂದೊಂದು ಇಟ್ಟು ಪದ ಮಾಡುವುದನ್ನೇ ಒಂದು ಬಗೆಯ ಕೂಡುವಿಕೆಯೆಂದು ಭಾವಿಸೋಣ. ‘ನಗ’ಕ್ಕೆ ‘ರ’ವನ್ನು ಸೇರಿಸಿದರೂ ನಗರ, ‘ನ’ಕ್ಕೆ ‘ಗರ’ವನ್ನು ಸೇರಿಸಿದರೂ ನಗರ. ಯಾವ ಜೋಡಿಯನ್ನು ಮೊದಲು ಬೆಸೆದೆವೆಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಆದರೆ ‘ಸ’ದ ಮುಂದೆ ‘ರ’ ಇಟ್ಟರೆ ಸರ, ‘ರ’ದ ಮುಂದೆ ‘ಸ’ ಇಟ್ಟರೆ ರಸ. ಎರಡಕ್ಕೂ ಬಹಳ ದೂರ. ಈ ಕೂಡುವಿಕೆ ಸಹವರ್ತನೀಯ, ಆದರೆ ಪರಿವರ್ತನೀಯವಲ್ಲ.

ಹೀಗೆ ಒಂದನ್ನೊಂದು ಅವಲಂಬಿಸದ ಎರಡು ಗುಣಗಳು ಸಂಖ್ಯೆಗಳ ಸಂಕಲನದಲ್ಲಿ ಒಟ್ಟಿಗೆ ಕೂಡಿಬಂದಿವೆ. ತರಕಾರಿಯಾಕೆಗೆ ಎರಡೂ ಬೇಕಾಗಿದ್ದವು. ಆಕೆ ಒಂದೇ ಹೆಜ್ಜೆಯಲ್ಲಿ ಮಾಡಿದ್ದನ್ನು ಬಿಡಿಸಿ ಬರೆದರೆ ಹೀಗಾಗುತ್ತದೆ:

(೩/೪ + ೧/೨) + ೧/೪
= ೩/೪ + (೧/೨ + ೧/೪)
= ೩/೪ + (೧/೪ + ೧/೨)
= (೩/೪ + ೧/೪) + ೧/೨
= ೧ + ೧/೨

ಎರಡನೆಯ ಸಾಲಿಗೆ ಬಂದದ್ದು ಸಹವರ್ತನೀಯ ನಿಯಮದಿಂದ, ಮೂರನೆಯದಕ್ಕೆ ಪರಿವರ್ತನೀಯದಿಂದ, ನಾಲ್ಕನೆಯದಕ್ಕೆ ಮತ್ತೆ ಸಹವರ್ತನೀಯದಿಂದ. ಒಂದು ನಿಯಮ ಆವರಣವನ್ನು ಸರಿಸುತ್ತದೆ, ಇನ್ನೊಂದು ಒಳಗಿನವರ ಜಾಗವನ್ನು ಅದಲುಬದಲು ಮಾಡುತ್ತದೆ. ಈ ಎರಡು ಕೆಲಸಗಳನ್ನು ಬೇಕಾದಷ್ಟು ಸಲ ಮಾಡುತ್ತ ಹೋದರೆ ಎಷ್ಟೇ ಉದ್ದದ ಸಾಲನ್ನಾದರೂ ನಮಗೆ ಬೇಕಾದಂತೆ ಮರುಜೋಡಿಸಬಹುದು. ನಾಲ್ಕು ಸಂಖ್ಯೆಗಳನ್ನು ೨೪ ಕ್ರಮಗಳಲ್ಲಿ ಬರೆಯಬಹುದು. ಒಂದೊಂದು ಕ್ರಮದಲ್ಲಿಯೂ ಆವರಣಗಳನ್ನು ೫ ಬಗೆಯಲ್ಲಿ ಹಾಕಬಹುದು. ಒಟ್ಟು ೧೨೦ ಮಾರ್ಗಗಳು, ಊರು ಒಂದೇ. ಯಾವ ಮಾರ್ಗ ಸುಗಮವೆಂಬುದನ್ನು ಆರಿಸಿಕೊಳ್ಳುವುದು ನಮ್ಮ ಜಾಣತನಕ್ಕೆ ಬಿಟ್ಟದ್ದು.

ಇದು ನಿಜವೆಂದು ನಂಬುವುದಾದರೂ ಹೇಗೆ? ಕಿಲೋಗಳಿಗೆ ಸರಿ, ೨/೯ರಂತಹ ಸಂಖ್ಯೆಗೂ ಸರಿಯೆ? ಎರಡು ಪೂರ್ಣಾಂಕಗಳ ಭಾಗಾಕಾರವಾಗಿ ಬರೆಯಬಹುದಾದ ಸಂಖ್ಯೆಗಳಿಗೆ, ಛೇದ ಸೊನ್ನೆಯಾಗಿರಬಾರದೆಂಬ ನಿಬಂಧನೆಯೊಡನೆ, ಭಾಗಲಬ್ಧ ಸಂಖ್ಯೆಗಳೆಂದು ಹೆಸರು. ಕ/ಖ ಮತ್ತು ಗ/ಘ ಅಂತಹ ಎರಡು ಸಂಖ್ಯೆಗಳಾಗಿರಲಿ. ಕೂಡುವ ವಿಧಾನದಂತೆ ಮೊತ್ತದ ಅಂಶ ಕ×ಘ + ಖ×ಗ, ಛೇದ ಖ×ಘ. ಕ್ರಮ ಬದಲಿಸಿ ಗ/ಘ + ಕ/ಖ ಎಂದು ಮಾಡಿದರೆ ಅಂಶ ಗ×ಖ + ಘ×ಕ, ಛೇದ ಘ×ಖ. ಪೂರ್ಣಾಂಕಗಳನ್ನು ಕೂಡುವುದರಲ್ಲಿಯೂ ಗುಣಿಸುವುದರಲ್ಲಿಯೂ ಕ್ರಮಕ್ಕೆ ಬೆಲೆಯಿಲ್ಲವಾದ್ದರಿಂದ ಎರಡೂ ಒಂದೇ. ಮೂರನೆಯದಾಗಿ ಚ/ಛ ಎಂಬುದನ್ನೂ ತೆಗೆದುಕೊಂಡರೆ, ಯಾವ ಜೋಡಿಯನ್ನು ಮೊದಲು ಕೂಡಿದರೂ ಕೊನೆಗೆ ದೊರೆಯುವ ಅಂಶ ಕ×ಘ×ಛ + ಖ×ಗ×ಛ + ಖ×ಘ×ಚ; ಛೇದ ಖ×ಘ×ಛ. ಸಂದೇಹವಿರುವ ಮಿತ್ರರು ಒಂದು ಕಾಗದದ ಮೇಲೆ ಎರಡು ಬಗೆಯಲ್ಲಿಯೂ ಮಾಡಿ ನೋಡಬಹುದು. ಐದು ನಿಮಿಷದ ಕೆಲಸ.

ಹಾಗಾದರೆ ಪೂರ್ಣಾಂಕಗಳಿಗೆ ಈ ಗುಣ ಎಲ್ಲಿಂದ ಬಂತು ಎಂದು ಇನ್ನೂ ಕೆಳಕ್ಕೆ ಅಗೆಯಬಹುದು. ಜರ್ಮನಿಯ ಗ್ರಾಸ್‌ಮನ್ ೧೮೬೧ರಲ್ಲಿ ಪ್ರಕಟಿಸಿದ ಅಂಕಗಣಿತದ ಪುಸ್ತಕದಲ್ಲಿ, ಒಂದನ್ನು ಕೂಡುತ್ತ ಮುಂದಕ್ಕೆ ಎಣಿಸುವ ಕ್ರಿಯೆಯೊಂದನ್ನೇ ಆಧಾರವಾಗಿಟ್ಟುಕೊಂಡು ಈ ನಿಯಮಗಳನ್ನು ಸಾಧಿಸಿ ತೋರಿಸಿದನು. ನಿಯಮಗಳ ಹೆಸರುಗಳೂ ಬಹಳ ಹಳೆಯವಲ್ಲ. ನಾವು ಪರಿವರ್ತನೀಯ ಎನ್ನುವುದಕ್ಕೆ ಯೂರೋಪಿನಲ್ಲಿ ಈಗ ರೂಢಿಯಲ್ಲಿರುವ ಹೆಸರನ್ನು ಫ್ರಾನ್ಸಿನ ಸೆರ್ವಾ ೧೮೧೪ರಲ್ಲಿ ಬಳಸಿದನು. ಸಹವರ್ತನೀಯ ಎಂಬುದಕ್ಕೆ ಹೆಸರಿಟ್ಟವನು ಐರ್ಲೆಂಡಿನ ಹ್ಯಾಮಿಲ್ಟನ್, ೧೮೪೦ರ ದಶಕದಲ್ಲಿ. ಹ್ಯಾಮಿಲ್ಟನ್ನನಿಗೆ ಈ ಹೆಸರು ಏಕೆ ಬೇಕಾಯಿತೆಂಬುದು ಸ್ವಾರಸ್ಯವಾಗಿದೆ. ೧೮೪೩ರಲ್ಲಿ ಅವನು ಕಂಡುಹಿಡಿದ ಒಂದು ಹೊಸ ಬಗೆಯ ಸಂಖ್ಯೆಗಳ ಗುಣಾಕಾರದಲ್ಲಿ ಕ್ರಮ ಬದಲಾದರೆ ಉತ್ತರವೂ ಬದಲಾಗುತ್ತಿತ್ತು. ಒಂದು ನಿಯಮ ಕೈಬಿಟ್ಟಾಗಲೇ ಉಳಿದದ್ದು ಯಾವುದೆಂದು ಎಣಿಸಿ ಹೆಸರಿಡುವ ಅಗತ್ಯ ಕಾಣುವುದು. ಮನೆಯಲ್ಲಿ ಉಪ್ಪು ಮುಗಿದ ದಿನ ಉಪ್ಪಿನ ನೆನಪಾಗುವ ಹಾಗೆ.

ಈಗ ಲೆಕ್ಕಕ್ಕೆ ಬರೋಣ. ಗೆಳೆಯರು ಎಡವುವುದನ್ನು ನಾನು ಹೆಚ್ಚಾಗಿ ಕಂಡದ್ದು ಋಣ ಚಿಹ್ನೆಯ ಬಳಿ. ಕೂಡುವುದಕ್ಕೆ ಇರುವ ಸ್ವಾತಂತ್ರ್ಯ ಕಳೆಯುವುದಕ್ಕೆ ಇಲ್ಲ. ೩/೪ರಿಂದ ೧/೪ನ್ನು ಕಳೆದರೆ ೧/೨; ೧/೪ರಿಂದ ೩/೪ನ್ನು ಕಳೆದರೆ −೧/೨. ಆವರಣವನ್ನೂ ಸರಿಸುವಂತಿಲ್ಲ: (೧ − ೧/೨) − ೧/೪ ಎಂಬುದು ೧/೪, ೧ − (೧/೨ − ೧/೪) ಎಂಬುದು ೩/೪. ಆದರೆ ದಾರಿಯೊಂದುಂಟು. ೧/೪ನ್ನು ಕಳೆಯುವುದೆಂದರೆ −೧/೪ನ್ನು ಕೂಡುವುದು ಎಂದು ತಿಳಿದರೆ ವ್ಯವಕಲನವೆಲ್ಲ ಸಂಕಲನವಾಗಿ ಮಾರ್ಪಟ್ಟು, ಕಳೆದುಹೋದ ಸ್ವಾತಂತ್ರ್ಯ ಹಿಂದಿರುಗುತ್ತದೆ. ಬ್ರಹ್ಮಗುಪ್ತನು ೬೨೮ರಲ್ಲಿ ರಚಿಸಿದ ಗ್ರಂಥದಲ್ಲಿ ಇಂತಹ ಸಂಖ್ಯೆಗಳನ್ನು ಧನ, ಋಣ ಎಂದು ಕರೆದು ಅವುಗಳನ್ನು ಕೂಡುವ ನಿಯಮಗಳನ್ನು ಹೇಳಿದ್ದಾನೆ. ಆ ಹೆಸರುಗಳೇ ಅರ್ಥವನ್ನು ತಿಳಿಸುತ್ತವೆ: ಸಾಲವನ್ನು ಜಮಾ-ಖರ್ಚಿನ ಯಾವ ಸಾಲಿನಲ್ಲಿ ಬರೆದರೂ ಅದು ಸಾಲವೇ. ಸಂಖ್ಯೆಯನ್ನು ಸ್ಥಳಾಂತರಿಸುವಾಗ ಅದರ ಚಿಹ್ನೆಯೂ ಅದರ ಬೆನ್ನಿಗೇ ಹೋಗಬೇಕು. ಇಷ್ಟನ್ನು ನೆನಪಿಟ್ಟರೆ ಸಾಕು.

೨/೯ + (−೫/೧೩) + (−೭/೧೮) + ೯/೨೬ ಎಂಬುದನ್ನು ತೆಗೆದುಕೊಳ್ಳೋಣ. ಕಂಡೊಡನೆ ನಾಲ್ಕು ಛೇದಗಳನ್ನೂ ಗುಣಿಸಲು ಹೊರಟರೆ ೫೪,೭೫೬ ಬರುತ್ತದೆ; ಪರೀಕ್ಷೆಯ ಕೋಣೆಯಲ್ಲಿ ಇದಕ್ಕಿಂತ ಭಯಾನಕವಾದದ್ದು ಬೇರೆಯಿಲ್ಲ. ಲಘುತಮ ಸಾಮಾನ್ಯ ಅಪವರ್ತ್ಯವನ್ನು ಹಿಡಿದರೆ ಛೇದ ೨೩೪ಕ್ಕೆ ಇಳಿಯುತ್ತದೆ. ಆಗ ಅಂಶಗಳು ೫೨, −೯೦, −೯೧, ೮೧, ಮೊತ್ತ −೪೮, ಉತ್ತರ −೪೮/೨೩೪, ಎಂದರೆ −೮/೩೯. ಇದು ಸರಿಯಾದ ಮಾರ್ಗವೇ. ಆದರೆ ಪೆನ್ನು ಎತ್ತುವ ಮೊದಲು ಸಾಲನ್ನು ಒಮ್ಮೆ ನೋಡಿದರೆ ೯ ಮತ್ತು ೧೮ ನೆಂಟರು, ೧೩ ಮತ್ತು ೨೬ ನೆಂಟರು ಎಂದು ಕಾಣುತ್ತದೆ. ನೆಂಟರನ್ನು ಒಂದೊಂದು ಪಂಕ್ತಿಯಲ್ಲಿ ಕೂರಿಸೋಣ. ೪/೧೮ ಮತ್ತು −೭/೧೮ ಸೇರಿ −೩/೧೮, ಎಂದರೆ −೧/೬. −೧೦/೨೬ ಮತ್ತು ೯/೨೬ ಸೇರಿ −೧/೨೬. ಉಳಿದದ್ದು ಎರಡೇ ಸಣ್ಣ ಭಿನ್ನಗಳು. ಅವುಗಳ ಛೇದ ೭೮. ಮೊತ್ತ −೧೬/೭೮, ಅದೇ −೮/೩೯. ಎಲ್ಲವನ್ನೂ ಬಾಯಲ್ಲಿಯೇ ಮಾಡಬಹುದು. ಭಿನ್ನರಾಶಿಯ ಲೆಕ್ಕದಲ್ಲಿ ನಮ್ಮ ಗೆಳೆಯರಿಗೆ ಕೊರತೆಯಾದದ್ದು ಬುದ್ಧಿಯಲ್ಲವೆಂದು ನಾನು ದೃಢವಾಗಿ ಹೇಳಬಲ್ಲೆ. ಬರೆದ ಕ್ರಮದಲ್ಲಿಯೇ ಮಾಡಬೇಕೆಂಬ ಹೆದರಿಕೆ ಅವರ ಕೈಯನ್ನು ಕಟ್ಟಿಹಾಕಿತ್ತು. ಎಡದಿಂದ ಬಲಕ್ಕೆ ನಡೆಯದಿದ್ದರೆ ತಪ್ಪೆಂದು ಎಲ್ಲಿಯೋ, ಯಾರೋ, ಎಂದೋ ಗದರಿಸಿರಬೇಕು.

ಲಘುತಮ ಸಾಮಾನ್ಯ ಅಪವರ್ತ್ಯದ ಮಾತು ಬಂದದ್ದರಿಂದ ಇಲ್ಲಿ ನಮ್ಮ ನಾಡಿನವನೇ ಆದ ಒಬ್ಬ ಆಚಾರ್ಯನನ್ನು ನೆನೆಯದೆ ಇರಲಾರೆ. ಕವಿರಾಜಮಾರ್ಗ ಹುಟ್ಟಿದ್ದು ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಎಂಬುದನ್ನು ನಾವೆಲ್ಲ ಓದಿದ್ದೇವೆ. ೮೧೪ರಿಂದ ೮೭೮ರವರೆಗೆ ಆಳಿದ ಇದೇ ದೊರೆಯನ್ನು ಕೊಂಡಾಡಿ ಆರಂಭವಾಗುವ ಇನ್ನೊಂದು ಗ್ರಂಥವುಂಟು: ಜೈನ ಗಣಿತಜ್ಞ ಮಹಾವೀರಾಚಾರ್ಯನ ಸಂಸ್ಕೃತ ಕೃತಿ ಗಣಿತಸಾರಸಂಗ್ರಹ. ಕಾಲ ಸುಮಾರು ೮೫೦. ನೃಪತುಂಗನ ರಾಜಧಾನಿ ಮಾನ್ಯಖೇಟ ಇಂದು ಕಲಬುರಗಿ ಜಿಲ್ಲೆಯ ಮಳಖೇಡ. ಎಂ. ರಂಗಾಚಾರ್ಯರು ಈ ಗ್ರಂಥವನ್ನು ಇಂಗ್ಲಿಷ್ ಅನುವಾದದೊಡನೆ ೧೯೧೨ರಲ್ಲಿ ಮದ್ರಾಸಿನಿಂದ ಪ್ರಕಟಿಸಿದರು. ಇತಿಹಾಸದ ತರಗತಿಯಲ್ಲಿ ನೃಪತುಂಗನ ಕಾಲವನ್ನು ಓದುವಾಗ ಈ ಆಚಾರ್ಯನಿಗೆ ಒಂದು ಸಾಲಾದರೂ ಮೀಸಲಾಗಬೇಕೆಂದು ನನ್ನ ಬಿನ್ನಹ.

ಗಣಿತಸಾರಸಂಗ್ರಹದಲ್ಲಿ ಭಿನ್ನರಾಶಿಗಳಿಗೆಂದೇ ಕಲಾಸವರ್ಣ ಎಂಬ ಪ್ರಕರಣವಿದೆ. ಛೇದಗಳನ್ನೆಲ್ಲ ಕುರುಡಾಗಿ ಗುಣಿಸದೆ ಅವುಗಳ ಲಘುತಮ ಸಾಮಾನ್ಯ ಅಪವರ್ತ್ಯವನ್ನು ಕಂಡುಕೊಳ್ಳುವ ಕ್ರಮವನ್ನು ಆಚಾರ್ಯನು ಅಲ್ಲಿ ಹೇಳಿದ್ದಾನೆ. ಅದಕ್ಕೆ ಅವನಿಟ್ಟ ಹೆಸರು ನಿರುದ್ಧ. ಅದೇ ಪ್ರಕರಣದಲ್ಲಿ ಇನ್ನೊಂದು ಸೊಗಸಾದ ಸೂತ್ರವುಂಟು. ಅಂಶವೆಲ್ಲ ಒಂದೇ ಆಗಿರುವ ಭಿನ್ನಗಳನ್ನು ಕೂಡಿದಾಗ ಸರಿಯಾಗಿ ಒಂದು ಬರಬೇಕಾದರೆ ಛೇದಗಳು ಏನಿರಬೇಕು? ಒಂದರಿಂದ ಆರಂಭಿಸಿ ಮೂರು ಮೂರರಿಂದ ಗುಣಿಸುತ್ತ ಹೋಗು. ಮೊದಲನೆಯದನ್ನು ಎರಡರಿಂದಲೂ ಕೊನೆಯದನ್ನು ೨/೩ರಿಂದಲೂ ಗುಣಿಸು ಎಂಬುದು ಸೂತ್ರದ ತಾತ್ಪರ್ಯ. ಐದು ಭಿನ್ನಗಳು ಬೇಕೆಂದರೆ ೧, ೩, ೯, ೨೭, ೮೧. ಮೊದಲನೆಯದು ೨ ಆಯಿತು, ಕೊನೆಯದು ೫೪ ಆಯಿತು. ಅಂದರೆ

೧/೨ + ೧/೩ + ೧/೯ + ೧/೨೭ + ೧/೫೪ = ೧.

ಇದನ್ನು ಎಡದಿಂದ ಕೂಡುತ್ತ ಬಂದರೆ ೫/೬, ೧೭/೧೮, ೫೩/೫೪, ಕೊನೆಗೆ ೧ ಎಂದು ಬರುತ್ತದೆ. ಉತ್ತರ ಬಂತು, ಆದರೆ ಹೇಗೆ ಬಂತೆಂದು ಮನಸ್ಸಿಗೆ ಹತ್ತಲಿಲ್ಲ. ಸಹವರ್ತನೀಯ ನಿಯಮವನ್ನು ನಂಬಿ ಬಲದಿಂದ ಆರಂಭಿಸಿ ನೋಡಿ. ೧/೨೭ ಮತ್ತು ೧/೫೪ ಸೇರಿ ೩/೫೪, ಎಂದರೆ ೧/೧೮. ಅದರೊಡನೆ ೧/೯ ಸೇರಿ ೩/೧೮, ಎಂದರೆ ೧/೬. ಅದರೊಡನೆ ೧/೩ ಸೇರಿ ೧/೨. ಅದರೊಡನೆ ಮೊದಲ ೧/೨ ಸೇರಿ ೧. ಒಂದೊಂದು ಹೆಜ್ಜೆಯಲ್ಲಿಯೂ ಕೊನೆಯೆರಡು ಭಿನ್ನಗಳು ಬೆಸೆದು ಮೊದಲಿನ ರೂಪದ ಕೊನೆಯ ಭಿನ್ನವೇ ಮತ್ತೆ ನಿಲ್ಲುತ್ತದೆ. ಛೇದ ಮಾತ್ರ ಮೂರನೆಯ ಒಂದು ಪಾಲಾಗುತ್ತದೆ. ಐದರ ಬದಲು ಐವತ್ತು ಭಿನ್ನಗಳಿದ್ದರೂ ಹೀಗೆಯೇ ಮಡಚಿಕೊಳ್ಳುತ್ತ ಬರುತ್ತದೆ. ಮೊತ್ತ ಒಂದೇ ಆದರೂ ಒಂದು ಮಾರ್ಗ ಉತ್ತರವನ್ನಷ್ಟೇ ಕೊಟ್ಟಿತು, ಇನ್ನೊಂದು ಕಾರಣವನ್ನೂ ತೋರಿಸಿತು. ನನಗೆ ಗಣಿತದಲ್ಲಿ ಮೊದಲ ಬಾರಿಗೆ ಕಾವ್ಯದಲ್ಲಿ ಸಿಕ್ಕುವಂತಹ ಸಂತೋಷ ಸಿಕ್ಕಿದ್ದು ಈ ಐದು ಭಿನ್ನಗಳಲ್ಲಿ.

ಇಷ್ಟೆಲ್ಲ ಹೇಳಿದ ಮೇಲೆ ಈ ಸ್ವಾತಂತ್ರ್ಯದ ಎಲ್ಲೆಯನ್ನೂ ಹೇಳಬೇಕು. ಲೆಕ್ಕವನ್ನು ಯಂತ್ರಕ್ಕೆ ಒಪ್ಪಿಸಿದರೆ ಆಯಿತಲ್ಲ ಎನ್ನುವವರಿದ್ದಾರೆ. ಯಂತ್ರವು ಒಂದು ಸಂಖ್ಯೆಯ ಇಂತಿಷ್ಟೇ ಅಂಕಿಗಳನ್ನು ಇಟ್ಟುಕೊಂಡು ಉಳಿದದ್ದನ್ನು ಹತ್ತಿರದ ಬೆಲೆಗೆ ತಂದುಬಿಡುತ್ತದೆ. ಮೂರೇ ಅಂಕಿಗಳ ನೆನಪುಳ್ಳ ಒಂದು ಯಂತ್ರವಿದೆಯೆಂದು ಭಾವಿಸಿ. ೧೦೦೦ಕ್ಕೆ ೪ನ್ನು ಕೂಡಿದರೆ ೧೦೦೪ ಆಗಬೇಕು. ಮೂರು ಅಂಕಿಗಳಿಗೆ ತಂದಾಗ ಅದು ಪುನಃ ೧೦೦೦. ಇನ್ನೊಂದು ೪ನ್ನು ಕೂಡಿದರೂ ೧೦೦೦. ಆದರೆ ಎರಡು ೪ಗಳನ್ನು ಮೊದಲು ಸೇರಿಸಿ ೮ ಮಾಡಿ ಕೂಡಿದರೆ ೧೦೦೮, ಅದು ೧೦೧೦ಕ್ಕೆ ಏರುತ್ತದೆ. ಸಹವರ್ತನೀಯ ನಿಯಮ ಅಲ್ಲಿಗೆ ಮುರಿಯಿತು! ಇಂದಿನ ಗಣಕಯಂತ್ರಗಳು ಹದಿನೈದು ಹದಿನಾರು ಅಂಕಿಗಳನ್ನು ಇಟ್ಟುಕೊಳ್ಳುತ್ತವೆಯಾದರೂ ಹಣೆಬರಹ ಇದೇ. ೧/೧೦, ೨/೧೦, ೩/೧೦ ಇವುಗಳನ್ನು ದಶಮಾಂಶವಾಗಿ ಕೊಟ್ಟು ಮೊದಲಿನೆರಡನ್ನು ಮೊದಲು ಕೂಡಿಸಿದರೆ ಸಾಮಾನ್ಯ ಗಣಕದಲ್ಲಿ ಬರುವ ಉತ್ತರ ೦.೬೦೦೦೦೦೦೦೦೦೦೦೦೦೦೧, ಕೊನೆಯೆರಡನ್ನು ಮೊದಲು ಕೂಡಿಸಿದರೆ ೦.೬. ಗಣಕವು ಎರಡನ್ನು ಆಧಾರವಾಗಿಟ್ಟು ಎಣಿಸುವುದರಿಂದ ೧/೧೦ ಎಂಬುದು ಅದಕ್ಕೆ ಮುಗಿಯದ ಭಿನ್ನ. ನಿಯಮ ಪಾಲಿಸುವುದು ಭಾಗಲಬ್ಧ ಸಂಖ್ಯೆ. ಯಂತ್ರದ ಹೊಟ್ಟೆಯಲ್ಲಿರುವುದು ಅದರ ಕತ್ತರಿಸಿದ ನೆರಳು.

ಇನ್ನೊಂದು ಎಲ್ಲೆ ಇದಕ್ಕಿಂತ ಗಹನವಾದದ್ದು. ನಾವು ಸಾಧಿಸಿದ್ದು ಕೊನೆಯುಳ್ಳ ಸಾಲುಗಳಿಗೆ ಮಾತ್ರ. ಕೊನೆಯಿಲ್ಲದ ಸಾಲಿನಲ್ಲಿ ಅದೇ ಸ್ವಾತಂತ್ರ್ಯವನ್ನು ವಹಿಸಿದರೆ ಅನರ್ಥವಾಗುತ್ತದೆ. ೧ − ೧/೨ + ೧/೩ − ೧/೪ + ೧/೫ − … ಎಂಬ ಸಾಲು ಹೋಗಹೋಗುತ್ತ ಸುಮಾರು ೦.೬೯೩ ಎಂಬ ಬೆಲೆಗೆ ಸಮೀಪಿಸುತ್ತದೆ. ಅವೇ ಭಿನ್ನಗಳನ್ನು, ಒಂದನ್ನೂ ಬಿಡದೆ, ಒಂದು ಧನಕ್ಕೆ ಎರಡು ಋಣಗಳಂತೆ ಜೋಡಿಸಿರಿ:

(೧ − ೧/೨) − ೧/೪ + (೧/೩ − ೧/೬) − ೧/೮ + (೧/೫ − ೧/೧೦) − ೧/೧೨ + …

ಆವರಣಗಳನ್ನು ಬಿಡಿಸಿದರೆ ೧/೨ − ೧/೪ + ೧/೬ − ೧/೮ + ೧/೧೦ − ೧/೧೨ + … ಎಂದಾಗುತ್ತದೆ. ಇದು ಮೊದಲಿನ ಸಾಲಿನ ಒಂದೊಂದು ಭಿನ್ನದ ಅರ್ಧ; ಆದುದರಿಂದ ಮೊತ್ತವೂ ಅರ್ಧ! ಇಂತಹ ಸಾಲುಗಳ ಮೊತ್ತ ಕ್ರಮವನ್ನು ಅವಲಂಬಿಸುತ್ತದೆಂದು ಡಿರಿಶ್ಲೆ ೧೮೩೭ರಲ್ಲಿ ಗಮನಿಸಿದನು. ಅವನ ಶಿಷ್ಯ ರೀಮಾನ್ ೧೮೫೪ರ ಪ್ರಬಂಧದಲ್ಲಿ ಇನ್ನೂ ಮುಂದೆ ಹೋಗಿ, ಇಂತಹ ಸಾಲನ್ನು ತಕ್ಕಂತೆ ಮರುಜೋಡಿಸಿ ನಮಗೆ ಬೇಕಾದ ಯಾವ ಮೊತ್ತವನ್ನಾದರೂ ಬರಿಸಬಹುದೆಂದು ತೋರಿಸಿದನು. ಧನಗಳೆಲ್ಲ ಸೇರಿ ಮಿತಿಯಿಲ್ಲದೆ ಬೆಳೆಯುತ್ತವೆ, ಋಣಗಳೂ ಹಾಗೆಯೇ. ಯಾವುದನ್ನು ಎಷ್ಟು ಬೇಗ ಖರ್ಚು ಮಾಡುತ್ತೇವೆಂಬುದರ ಮೇಲೆ ಕೊನೆಯ ಶಿಲ್ಕು ನಿಲ್ಲುತ್ತದೆ.

ಡಿರಿಶ್ಲೆ ಇದರ ಜೊತೆಗೇ ಅಭಯವನ್ನೂ ಕೊಟ್ಟಿದ್ದಾನೆ. ಋಣಗಳನ್ನೆಲ್ಲ ಧನವಾಗಿ ಬದಲಿಸಿದ ಮೇಲೆಯೂ ಯಾವ ಸಾಲಿನ ಮೊತ್ತ ಮಿತಿಯೊಳಗೆ ನಿಲ್ಲುವುದೋ ಅದನ್ನು ಎಷ್ಟು ಬೇಕಾದರೂ ಕಲಕಬಹುದು, ಮೊತ್ತ ಅಲುಗದು. ಮಹಾವೀರಾಚಾರ್ಯನ ಭಿನ್ನಗಳು ಈ ಬಗೆಯವು. ಕೊನೆಯ ಭಿನ್ನವನ್ನು ಬಿಟ್ಟು ೧/೨ + ೧/೩ + ೧/೯ + ೧/೨೭ + ೧/೮೧ + … ಎಂದು ಮುಗಿಯದಂತೆ ಬರೆಯುತ್ತ ಹೋದರೂ, ೧/೩ರಿಂದ ಮುಂದಿನವೆಲ್ಲ ಸೇರಿ ೧/೨ ಆಗುತ್ತವೆ, ಒಟ್ಟು ೧. ಇವುಗಳನ್ನು ಯಾವ ಕ್ರಮದಲ್ಲಿ ಕೂಡಿದರೂ ಅಷ್ಟೇ.